ಕಂಬದ ಮೇಲಿನ ಎರಡು ಗೆರೆ

ಊರಿನವರು ಅವನನ್ನು ರೈಟ್ ಮಾಮ ಎಂದು ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಬಸ್ ಕಂಡಕ್ಟರಾಗಿ ದುಡಿದು, ದಿನಕ್ಕೆ ಇನ್ನೂರು ಸಲವಾದರೂ "ರೈಟ್, ರೈಟ್" ಎಂದು ಕೂಗಿ, ನಿವೃತ್ತನಾದ ಮೇಲೂ ಆ ಮಾತು ಅವನ ನಾಲಿಗೆ ಬಿಟ್ಟು ಇಳಿದಿರಲಿಲ್ಲ. ಹೆಂಡತಿ ಬಡಿಸಿದ್ದು ಸಾಕಾದರೆ "ರೈಟ್" ಅನ್ನುತ್ತಿದ್ದ. ಫೋನಿನಲ್ಲಿ ಮಾತು ಮುಗಿದರೂ "ರೈಟ್". ಹಲ್ಲಿನ ಡಾಕ್ಟರು ಅವನ ದವಡೆಹಲ್ಲು ಕಿತ್ತು ಕೈಗೆ ಕೊಟ್ಟಾಗ ಬಾಯಿತುಂಬ ಹತ್ತಿ ಕಚ್ಚಿಕೊಂಡೇ ಏನೋ ಅಂದನಂತೆ. ಅದೂ ಅದೇ ಇರಬೇಕು ಎಂದು ಹೆಂಡತಿಯ ಅನುಮಾನ.

ಅವನಿಗೆ ಒಂದೇ ಒಂದು ಹೆಮ್ಮೆ ಇತ್ತು. ಅಷ್ಟು ವರ್ಷದಲ್ಲಿ ಒಂದೂ ತಪ್ಪು ಟಿಕೆಟ್ ಹರಿದಿಲ್ಲ ಎನ್ನುವುದು. ಇದನ್ನು ಅವನು ಮದುವೆಮನೆಯಲ್ಲಿ ಹೇಳುತ್ತಿದ್ದ, ಕ್ಷೌರದಂಗಡಿಯಲ್ಲಿ ಹೇಳುತ್ತಿದ್ದ, ಕೇಳದಿದ್ದವರಿಗೂ ಹೇಳುತ್ತಿದ್ದ. ಸುಳ್ಳಂತೂ ಅಲ್ಲ. ಸ್ವಂತ ಮಗನಿಗೆ ಐದು ವರ್ಷ ತುಂಬಿದ ದಿನ, ಹೊಸ ಅಂಗಿ ಹಾಕಿಸಿ ಕರೆದುಕೊಂಡು ಹೆಂಡತಿ ಅವನದೇ ಬಸ್ಸು ಹತ್ತಿದರೆ, ಮಗನ ಕೆನ್ನೆ ಹಿಂಡಿ ಮುದ್ದು ಮಾಡಿ, ಅದೇ ಕೈಯಿಂದ ಅರ್ಧ ಟಿಕೆಟ್ ಹರಿದು ಕೊಟ್ಟ ಮಹಾನುಭಾವ ಅವನು. ಹೆಂಡತಿ ಮೂರು ದಿನ ಮಾತು ಬಿಟ್ಟಿದ್ದಳು. ನಾಲ್ಕನೆಯ ದಿನದಿಂದ ಆಡಲು ಶುರು ಮಾಡಿದವಳು ಇವತ್ತಿನವರೆಗೂ ಅದನ್ನೇ ಆಡುತ್ತಿದ್ದಾಳೆ.

ಮಕ್ಕಳ ಟಿಕೆಟ್ಟಿನ ವಿಷಯದಲ್ಲಿ ಅವನ ಕಣ್ಣು ಬಲು ಚುರುಕು. ಬಸ್ಸಿನ ಬಾಗಿಲ ಬಳಿಯ ಕಂಬದ ಮೇಲೆ ಎರಡು ಗೆರೆ ಇರುತ್ತಿದ್ದವು. ಕೆಳಗಿನ ಗೆರೆಗಿಂತ ಗಿಡ್ಡ ಇರುವ ಮಗುವಿಗೆ ಟಿಕೆಟ್ ಇಲ್ಲ, ಎರಡು ಗೆರೆಗಳ ನಡುವೆ ಬಂದರೆ ಅರ್ಧ, ಮೇಲಿನದನ್ನು ಮುಟ್ಟಿದರೆ ಪೂರ್ತಿ. ಆ ಕಂಬದ ಹತ್ತಿರ ಬಂದ ಕೂಡಲೇ ಊರಿನ ಮಕ್ಕಳಿಗೆಲ್ಲ ಮಂಡಿನೋವು ಬರುತ್ತಿತ್ತು. ಅಮ್ಮಂದಿರು ಹಿಂದಿನಿಂದ ಭುಜ ಒತ್ತುವರು, ಮಕ್ಕಳು ಮಂಡಿ ಮಡಿಸುವರು. ಮಾಮ ಮುಖ ನೋಡುತ್ತಲೇ ಇರಲಿಲ್ಲ, ನೇರವಾಗಿ ಮಂಡಿ ನೋಡುತ್ತಿದ್ದ. "ಮಂಡಿ ನೆಟ್ಟಗೆ ಮಾಡಪ್ಪಾ ರಾಜ" ಎಂದರೆ ಮಗು ಒಂದು ಗೇಣು ಬೆಳೆದುಬಿಡುತ್ತಿತ್ತು. ಇಡೀ ಬಸ್ಸು ನಗುತ್ತಿತ್ತು, ಅಮ್ಮನೂ ನಗುತ್ತಾ ಟಿಕೆಟ್ ತೆಗೆದುಕೊಳ್ಳುತ್ತಿದ್ದಳು.

ಅಷ್ಟು ವರ್ಷದಲ್ಲಿ ಮಗುವಿನ ವಯಸ್ಸು ತಾನಾಗಿ ಹೇಳಿದವಳು ಒಬ್ಬಳೇ. ದರ್ಜಿಗಳ ಅಂಗಡಿಯಿಂದ ಅಂಗಿಗಳ ಗಂಟು ಮನೆಗೆ ಒಯ್ದು ಗುಂಡಿ ಹೊಲಿದು ಕೊಡುವವಳು, ಎಲ್ಲರ ಬಾಯಲ್ಲಿ ಬಟನ್ ಅಜ್ಜಿ. ಕಂಬದ ತನಕ ಹೋಗುವುದೇ ಬೇಕಿರಲಿಲ್ಲ. "ಕಂಡಕ್ಟ್ರೇ, ಇವನಿಗೆ ಮೊನ್ನೆ ಐದು ತುಂಬ್ತು, ಅರ್ಧ ಹರೀರಿ" ಎಂದು ಹತ್ತುವಾಗಲೇ ಹೇಳಿಬಿಡುವಳು. ಪಕ್ಕದ ಸೀಟಿನ ಹೆಂಗಸರು ಅವಳನ್ನು ನೋಡುತ್ತಿದ್ದ ರೀತಿಗೆ ಬೇರೆ ಯಾರೇ ಆದರೂ ನಾಚಿ ಸುಳ್ಳು ಹೇಳಲು ಕಲಿಯಬೇಕಿತ್ತು.

ಮಾಮ ನಿವೃತ್ತನಾದ ಎರಡನೆಯ ವರ್ಷ ಹೊಳೆ ಊರಿನೊಳಗೆ ಬಂತು. ಕೆಳಗಿನ ಬೀದಿಗಳ ಮನೆಗಳಲ್ಲಿ ಕಿಟಕಿಯ ಮಟ್ಟಕ್ಕೆ ನೀರು. ಸೇತುವೆಯ ಒಂದು ತುದಿ ಕುಸಿದು ಲಾರಿಗಳ ಓಡಾಟ ನಿಂತಿತು. ಅಷ್ಟೂ ಜನ ಹಿಡಿಸುವ ಒಣ ಜಾಗ ಎಂದರೆ ಎತ್ತರದಲ್ಲಿದ್ದ ಬಸ್ ಡಿಪೋ ಒಂದೇ. ಹಾಗಾಗಿ ನಾನೂರು ಚಿಲ್ಲರೆ ಜನ ಅಲ್ಲಿಗೆ ಬಂದು ಸೇರಿದರು. ಸಾಲಾಗಿ ನಿಂತ ಬಸ್ಸುಗಳೇ ಮನೆಗಳಾದವು. ಸೀಟಿನಿಂದ ಸೀಟಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದರು, ಡ್ರೈವರ್ ಸೀಟಿನಲ್ಲಿ ಹಸುಗೂಸು ಮಲಗಿಸಿದರು. ಎಂಜಿನ್ ರಿಪೇರಿಯ ಶೆಡ್ಡಿನಲ್ಲಿ ಒಲೆಗಳನ್ನು ಹೂಡಿದರು. ಡಿಪೋದ ಮೂಲೆಮೂಲೆ ಬಲ್ಲವನು ಬೇಕು ಎಂದಾಗ ಎಲ್ಲರೂ ಒಂದೇ ಹೆಸರು ಹೇಳಿದರು. ಮಾಮ ಹಳೆಯ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಹೊರಟ. ಮೇಲಿನ ಬೀದಿಯ ಅವನ ಮನೆಗೆ ನೀರು ಬಂದಿರಲಿಲ್ಲ, ಮನೆಯಲ್ಲಿ ಕೂತು ಹೆಂಡತಿಯ ಕೈಯಲ್ಲಿ ಅನ್ನಿಸಿಕೊಳ್ಳುವುದಕ್ಕಿಂತ ಇದು ವಾಸಿ ಎಂದೂ ಅವನಿಗೆ ಅನ್ನಿಸಿತ್ತು.

ಪರಿಹಾರ ಸಂಸ್ಥೆಯಿಂದ ದೋಣಿಯಲ್ಲಿ ಬಂದ ಅಧಿಕಾರಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಮೂವತ್ತೈದರ ಆಸುಪಾಸಿನವರು. ಮಂಡಿವರೆಗಿನ ರಬ್ಬರ್ ಬೂಟು, ಕಿವಿಯ ಹಿಂದೆ ಪೆನ್ನು. ಮೊದಲ ದಿನವೇ ಸ್ವಯಂಸೇವಕರನ್ನೆಲ್ಲ ಟೈರುಗಳ ಮೇಲೆ ಕೂರಿಸಿ ಪಾಠ ಮಾಡಿದರು.

"ಮುಖ ನೋಡಿ ಕೊಡಬೇಡಿ, ಅಗತ್ಯ ನೋಡಿ ಕೊಡಿ. ಯಾವ ಬೀದಿ, ಯಾರ ಪೈಕಿ, ಯಾರಿಗೆ ಓಟು ಹಾಕಿದ್ರಿ ಅಂತ ಕೇಳ್ಬೇಡಿ. ಇನ್ನೊಂದು, ಕೊಡುವಾಗ ದೊಡ್ಡ ದಾನಿಗಳ ಗತ್ತು ಬೇಡ. ಅವರು ನಿಮ್ಮ ಮುಂದೆ ಕೈ ಚಾಚಿರೋದು ಹೊಳೆ ಬಂತು ಅಂತ."

'ಇದನ್ನ ನನಗೆ ಹೇಳ್ಕೊಡೋಕೆ ದೋಣಿ ಹತ್ತಿ ಬರಬೇಕಿತ್ತಾ?' ಎಂದು ಮಾಮ ಮನಸ್ಸಿನಲ್ಲೇ ನಕ್ಕ. ಮುಖ ನೋಡದೆ ಮಂಡಿ ನೋಡಿದವನಲ್ಲವೇ ಅವನು.

ಮಾರನೆಯ ದಿನವೇ ಅದು ರುಜುವಾತಾಯಿತು. ಪೇಟೆಯ ಬಟ್ಟೆ ಅಂಗಡಿಯ ಯಜಮಾನರು ಇಪ್ಪತ್ತು ಮೂಟೆ ಅಕ್ಕಿ, ತಮ್ಮ ಫೋಟೋ ಇದ್ದ ಬ್ಯಾನರು, ಫೋಟೋಗ್ರಾಫರು, ಮೂರನ್ನೂ ಹೊತ್ತು ಬಂದರು. ಮೂಟೆಗಳು ತಮ್ಮ ಬೀದಿಯವರಿಗೆ ಮಾತ್ರ ಎಂದರು. ಮಾಮ ಕೈಮುಗಿದು, "ಯಜಮಾನ್ರೇ, ಈ ಬಸ್ಸಲ್ಲಿ ರಿಸರ್ವೇಶನ್ ಇಲ್ಲ. ಹತ್ತಿದ್ರೆ ಎಲ್ಲರ ಜೊತೆ ಹತ್ತಬೇಕು" ಎಂದ. ಯಜಮಾನರು ಮೂಟೆಗಳ ಸಮೇತ ಸಿಟ್ಟು ಮಾಡಿಕೊಂಡು ಹೋದರು. ಸಂಜೆಗೆ ಹನ್ನೆರಡು ಮೂಟೆ ಬ್ಯಾನರಿಲ್ಲದೆ ವಾಪಸು ಬಂದವು. ಉಳಿದ ಎಂಟರ ಸಿಟ್ಟು ಇನ್ನೂ ಇಳಿದಿರಲಿಲ್ಲವೆಂದು ಕಾಣುತ್ತದೆ. ಮೇಡಂ ಮಾಮನ ಬೆನ್ನು ತಟ್ಟಿದರು. ಅದೇ ಧೈರ್ಯದ ಮೇಲೆ ಉಗ್ರಾಣದ ಬೀಗದಕೈ ಅವನಿಗೆ ಕೊಟ್ಟು, "ದಿನಾ ಬೆಳಿಗ್ಗೆ ತಲೆಗೊಂದು ಪಾಲು. ಎರಡು ಲೋಟ ಅಕ್ಕಿ, ಅರ್ಧ ಲೋಟ ಬೇಳೆ. ಸೇತುವೆ ರಿಪೇರಿ ಆಗಿ ಲಾರಿ ಬರೋಕೆ ಹದಿನೈದು ದಿನ ಆಗುತ್ತೆ, ಅಲ್ಲಿವರೆಗೆ ಇಷ್ಟರಲ್ಲೇ ತೂಗಿಸಬೇಕು" ಎಂದು ಹೇಳಿ, ಹೊಳೆಯಾಚೆಯ ಊರುಗಳಿಗೆ ದೋಣಿ ಹತ್ತಿದರು.

ತಲೆಗೊಂದು ಪಾಲು! ಮಾಮ ಬೀಗದಕೈ ಹಿಡಿದು ಯೋಚಿಸಿದ. ಮೇಡಂ ಓದಿದವರು, ಒಳ್ಳೆಯವರು, ಆದರೆ ಪಾಪ, ಮಕ್ಕಳ ಟಿಕೆಟ್ ಮರೆತಿದ್ದಾರೆ. ಮೂರು ವರ್ಷದ ಕೂಸಿಗೂ ಮೂಟೆ ಹೊರುವ ಆಳಿಗೂ ಒಂದೇ ಟಿಕೆಟ್ ಹರಿಯುವುದು ಯಾವ ನ್ಯಾಯ? ಅಂತೂ ಅವನು ಸುಣ್ಣದ ಕಡ್ಡಿ ತಂದು, ಶೆಡ್ಡಿನ ಕಬ್ಬಿಣದ ಕಂಬದ ಮೇಲೆ ತನಗೆ ಬಾಯಿಪಾಠವಿದ್ದ ಎತ್ತರದಲ್ಲಿ ಎರಡು ಗೆರೆ ಎಳೆದ. ಕೆಳಗಿನದಕ್ಕಿಂತ ಗಿಡ್ಡವಿದ್ದವರಿಗೆ ಪಾಲಿಲ್ಲ, ನಡುವಿನವರಿಗೆ ಅರ್ಧ, ಮೇಲಿನದನ್ನು ಮುಟ್ಟಿದವರಿಗೆ ಪೂರ್ತಿ. ಇದರಿಂದ ಉಳಿಯುವ ಅಕ್ಕಿ ನೋಡಿ ಮೇಡಂ ತನ್ನ ಬೆನ್ನನ್ನು ಇನ್ನೊಮ್ಮೆ ತಟ್ಟುವುದು ಖಂಡಿತ ಎಂದುಕೊಂಡ.

ಹೆಸರು ಬರೆದುಕೊಳ್ಳುವ ದಿನ ಸಾಲು ನಿಂತಿತು. ಮಾಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಂಡಿಗಳನ್ನು ನೋಡಿದ. ಎಂಥ ಆಶ್ಚರ್ಯ! ಒಂದು ಮಂಡಿಯೂ ಮಡಿಸಿರಲಿಲ್ಲ. ಕೋಲಿನ ಹಾಗೆ ನೆಟ್ಟಗೆ. ಹೊಳೆ ಬಂದು ಊರಿನ ಜನಕ್ಕೆ ಸತ್ಯ ಕಲಿಸಿದೆ ಎಂದು ಅವನ ಕಣ್ಣು ಒದ್ದೆಯಾಯಿತು. ಬೆಳೆದ ಮಕ್ಕಳೇ ಬೆಳೆದ ಮಕ್ಕಳು, ಮುಕ್ಕಾಲುಪಾಲು ಮೇಲಿನ ಗೆರೆ ಮುಟ್ಟುವವರೇ. ಕೆಲವರ ತಲೆಯ ಮೇಲೆ ಗೋಪುರದಂಥ ಜುಟ್ಟಿತ್ತು. ಕೆಲವರು ಅಪ್ಪನ ದಪ್ಪ ಚಪ್ಪಲಿ ಹಾಕಿಕೊಂಡಿದ್ದರು, ಕೆಸರಲ್ಲವೇ, ಪಾಪ. "ಎಷ್ಟು ವರ್ಷ?" ಎಂದರೆ "ಹದಿಮೂರು" ಎಂದು ಅಮ್ಮಂದಿರು ಹೇಳುವರು. ಹದಿಮೂರು ವರ್ಷದ ಒಬ್ಬ ಹಲ್ಲು ಬಿದ್ದ ಬಾಯಲ್ಲಿ ಹೆಬ್ಬೆರಳು ಚೀಪುತ್ತಾ ನಿಂತಿದ್ದ. ಮಂಡಿ ನೆಟ್ಟಗಿತ್ತು, ಗೆರೆ ಮುಟ್ಟಿತ್ತು. ರೈಟ್.

ಬಟನ್ ಅಜ್ಜಿಯೂ ಬಂದಳು. ಮಗ ಸೊಸೆ ದೂರದೂರಿನ ಕಟ್ಟಡದ ಕೆಲಸಕ್ಕೆ ಹೋದವರು ದಾರಿ ಕಡಿದು ಅಲ್ಲೇ ಸಿಕ್ಕಿಕೊಂಡಿದ್ದರು. ಐದು ಮೊಮ್ಮಕ್ಕಳನ್ನು ಅಜ್ಜಿ ಒಬ್ಬಳೇ ಸುಧಾರಿಸುತ್ತಿದ್ದಳು. "ಹನ್ನೊಂದು, ಎಂಟು, ಆರು, ನಾಲ್ಕು, ಎರಡು" ಎಂದು ಕೇಳುವ ಮೊದಲೇ ಒಪ್ಪಿಸಿದಳು. ಮಾಮನಿಗೆ ಹಳೆಯ ದಿನಗಳು ನೆನಪಾಗಿ ಸಂತೋಷವಾಯಿತು. ಅಜ್ಜಿಗೆ ಒಂದು, ಮೂವರಿಗೆ ಅರ್ಧರ್ಧ, ಸಣ್ಣವರಿಬ್ಬರಿಗೆ ಇಲ್ಲ. ಒಟ್ಟು ಎರಡೂವರೆ. ಆರು ಹೊಟ್ಟೆಗೆ ಎರಡೂವರೆ ಪಾಲು ಅಳೆದುಕೊಟ್ಟು, "ನಿಮ್ಮಂಥವರಿಂದ ಕೆಲಸ ಎಷ್ಟು ಸಲೀಸು ಅಕ್ಕಾ" ಎಂದು ಹೊಗಳಿಯೂ ಬಿಟ್ಟ.

ಹೀಗೆ ದಿನಗಳು ಹೋದವು. ಮಾಮನ ಸಾಲಿನಲ್ಲಿ ಜಗಳವಿಲ್ಲ, ನೂಕುನುಗ್ಗಲಿಲ್ಲ. ಸೀಟಿ ಊದಿದರೆ ಸಾಲು ಹೊರಡುವುದು, ಎರಡು ಸಲ ಊದಿದರೆ ನಿಲ್ಲುವುದು. ಒಂದು ವಿಚಿತ್ರ ಮಾತ್ರ ಅವನ ತಲೆ ತಿನ್ನುತ್ತಿತ್ತು. ಲೆಕ್ಕದ ಪ್ರಕಾರ ಮೂಟೆಗಳು ಉಳಿಯಬೇಕಿತ್ತು, ಒಂದೂ ಉಳಿಯುತ್ತಿರಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ, ಡಿಪೋದ ಜನರ ಆರೋಗ್ಯ ನೋಡಿಕೊಳ್ಳುತ್ತಿದ್ದ ನರ್ಸಮ್ಮ ಮಕ್ಕಳ ತೋಳು ಅಳೆಯಲು ಕೂತಳು. ಅವಳ ಹತ್ತಿರ ಬಣ್ಣದ ಪಟ್ಟಿ ಇರುತ್ತದೆ. ತೋಳಿಗೆ ಸುತ್ತಿದಾಗ ಹಸಿರು ಬಂದರೆ ಮಗು ಚೆನ್ನಾಗಿದೆ, ಹಳದಿ ಬಂದರೆ ಸೊರಗುತ್ತಿದೆ, ಕೆಂಪು ಬಂದರೆ ಓಡಬೇಕು. ಹಸಿರು, ಹಸಿರು, ಹಸಿರು ಎಂದು ಹಾಡಿನ ಹಾಗೆ ಹೇಳಿಕೊಂಡು ಹೋಗುತ್ತಿದ್ದವಳು ಬಟನ್ ಅಜ್ಜಿಯ ಕಿರಿಯ ಮೊಮ್ಮಗಳ ಹತ್ತಿರ ಸುಮ್ಮನಾದಳು. ಪಟ್ಟಿ ಬಿಚ್ಚಿ ಇನ್ನೊಮ್ಮೆ ಸುತ್ತಿದಳು. ಹಳದಿಯೇ. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನೇರ ಉಗ್ರಾಣಕ್ಕೆ ಬಂದಳು.

"ಮಾಮಾ, ಬಟನ್ ಅಜ್ಜಿ ಮನೆಗೆ ಪಾಲು ಸರಿಯಾಗಿ ಹೋಗ್ತಿದೆಯಾ?"

"ಒಂದು ಕಾಳು ಆಚೆ ಈಚೆ ಆಗಿಲ್ಲ. ದಿನಾ ಎರಡೂವರೆ."

"ಎರಡೂವರೆ ಅಂದ್ರೇನು?" ಎಂದಿತು ಹಿಂದಿನಿಂದ ಒಂದು ದನಿ. ಮೇಡಂ ಆಗಷ್ಟೇ ದೋಣಿ ಇಳಿದು ಬಂದಿದ್ದರು, ಬೂಟಿನಲ್ಲಿ ಇನ್ನೂ ನೀರಿತ್ತು.

ಮಾಮ ಹುಮ್ಮಸ್ಸಿನಿಂದ ಕಂಬದ ಹತ್ತಿರ ಕರೆದುಕೊಂಡು ಹೋಗಿ ಗೆರೆ ತೋರಿಸಿದ, ನಿಯಮ ವಿವರಿಸಿದ. ಮೇಡಂ ಮುಖದಲ್ಲಿ ಬೆನ್ನು ತಟ್ಟುವ ಲಕ್ಷಣ ಕಾಣಲಿಲ್ಲ. ಹೆಸರಿನ ಪುಸ್ತಕ ಇಸಿದುಕೊಂಡು ಹಾಳೆ ತಿರುವಿದರು.

"ಮಾಮಾ, ಈ ಡಿಪೋದಲ್ಲಿ ಗೆರೆ ಮುಟ್ಟದ ಮಕ್ಕಳು ಬರೀ ಇಪ್ಪತ್ಮೂರಾ?"

"ಹೌದು ಮೇಡಂ. ಈ ಊರಿನ ಮಕ್ಕಳು ಎತ್ತರ."

ಹೊರಗೆ ಆಟವಾಡುತ್ತಿದ್ದ ನೂರಕ್ಕೂ ಹೆಚ್ಚು ಮಕ್ಕಳ ಗಲಾಟೆಯಲ್ಲಿ ಅವರ ಮಾತು ಅವರಿಗೇ ಸರಿಯಾಗಿ ಕೇಳುತ್ತಿರಲಿಲ್ಲ. ಮೇಡಂ ಸಿಕ್ಕಿದ ಆರು ಮಕ್ಕಳನ್ನು ಕರೆದು ಕಂಬದ ಬಳಿ ಸಾಲಾಗಿ ನಿಲ್ಲಿಸಿದರು. ಅಭ್ಯಾಸಬಲದಿಂದ ಮಕ್ಕಳು ತಾವಾಗಿಯೇ ನಿಂತವು. ಮಾಮ ಬಗ್ಗಿ ಮಂಡಿ ನೋಡಿದ. ಎಲ್ಲ ನೆಟ್ಟಗೆ.

"ಇನ್ನೂ ಕೆಳಗೆ ನೋಡಿ" ಎಂದರು ಮೇಡಂ.

ಇನ್ನೂ ಕೆಳಗೆ ನೋಡಿದ. ಆರೂ ಮಕ್ಕಳ ಹಿಮ್ಮಡಿಗಳು ನೆಲ ಬಿಟ್ಟು ಗಾಳಿಯಲ್ಲಿದ್ದವು.

ಮೂವತ್ತೊಂದು ವರ್ಷ ಮಂಡಿಯನ್ನೇ ನೋಡಿದ ಕಣ್ಣು ಹಿಮ್ಮಡಿಯನ್ನು ಒಮ್ಮೆಯೂ ನೋಡಿರಲಿಲ್ಲ. ನೋಡುವ ಅಗತ್ಯವೇ ಬಿದ್ದಿರಲಿಲ್ಲ. ಬಸ್ಸಿನಲ್ಲಿ ಟಿಕೆಟ್ ತಪ್ಪಿಸಲು ಗಿಡ್ಡವಾಗುತ್ತಿದ್ದ ಊರು ಇಲ್ಲಿ ಅಕ್ಕಿಗಾಗಿ ಎತ್ತರವಾಗಿತ್ತು. ನರ್ಸಮ್ಮ ಮಗುವಿನ ತಲೆಯ ಹಿಂದೆ ಮುಖ ಅಡಗಿಸಿಕೊಂಡು ನಕ್ಕಳು. ಮೇಡಂಗೂ ತಡೆಯಲಾಗಲಿಲ್ಲ. ಮಾಮನೂ ಒಂದು ಕ್ಷಣ ನಕ್ಕ, ಆಮೇಲೆ ನರ್ಸಮ್ಮನ ಸೊಂಟದ ಮೇಲಿದ್ದ ಮಗುವಿನ ತೋಳಿನ ಮೇಲೆ ಕಣ್ಣು ಬಿದ್ದು ನಗು ನಿಂತಿತು. ಕಂಬದ ಬಳಿ ಅಂಗಾಲು ಊರಿ ನಿಂತವರಿಗೆ, ನಿಲ್ಲಲೂ ಬಾರದ ಹಸುಗೂಸುಗಳಿಗೆ, ಕೇಳುವ ಮೊದಲೇ ನಿಜ ಹೇಳಿದವಳಿಗೆ, ಅಷ್ಟು ಜನಕ್ಕೆ ಮಾತ್ರ ಅವನ ನಿಯಮ ಸರಿಯಾಗಿ ತಗುಲಿತ್ತು.

"ಮಗುಗೆ ಹೊಟ್ಟೆ ಅರ್ಧ ಇರಬಹುದು ಮಾಮಾ, ಆದ್ರೆ ಸೊರಗೋದು ಎರಡರಷ್ಟು ಬೇಗ" ಎಂದಳು ನರ್ಸಮ್ಮ. "ಎದೆಹಾಲು ಕೊಡೋ ತಾಯಿಗಂತೂ ಒಂದೂವರೆ ಪಾಲು ಬೇಕು. ನೀವು ಕೂಸಿಗೆ ಟಿಕೆಟ್ಟೇ ಇಲ್ಲ ಅಂದಿದ್ದೀರಿ."

"ಈಗೇನು ಮಾಡೋದು?" ಎಂದ ಮಾಮ.

ಮೇಡಂ ಪೆನ್ನು ತೆಗೆದು ಲೆಕ್ಕ ಹಾಕಿದರು. ಸುಳ್ಳು ಹೇಳಿದವರೆಲ್ಲ ಆಗಲೇ ಪೂರ್ತಿ ಪಾಲು ತೆಗೆದುಕೊಳ್ಳುತ್ತಿದ್ದುದರಿಂದ ಹೊಸದಾಗಿ ಕೊಡಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಆ ಇಪ್ಪತ್ತಮೂರು ಮಕ್ಕಳಿಗೆ ಪೂರ್ತಿ ಪಾಲು, ಹಾಲುಣಿಸುವವರಿಗೂ ಹಳದಿ ಬಂದವರಿಗೂ ಇನ್ನಷ್ಟು. ಎಲ್ಲ ಸೇರಿಸಿದರೆ ಉಳಿದವರ ಪಾಲಿನಿಂದ ತಲೆಗೆ ಒಂದು ಹಿಡಿ ತೆಗೆದರೆ ಸಾಕು. ಲಾರಿ ಬರಲು ಇನ್ನು ನಾಲ್ಕು ದಿನ.

"ಒಂದು ಹಿಡಿ ತೆಗೀಬೇಕು ಅಂದ್ರೆ ಯಾಕೆ ಅಂತ ಜನಕ್ಕೆ ಹೇಳಬೇಕು. ಎಲ್ಲರ ಮುಂದೆ" ಎಂದರು ಮೇಡಂ. "ತಪ್ಪು ನಂದೂ ಇದೆ. ಹೇಳಿ ಹೋದೆ, ಬಂದು ನೋಡಲಿಲ್ಲ. ನಾನೇ ಹೇಳ್ತೀನಿ ಬೇಕಾದ್ರೆ."

ಮಾಮ ಊಟಕ್ಕೆಂದು ಮನೆಗೆ ಹೊರಟ. ಎಲ್ಲರ ಮುಂದೆ! ಕೆಳಬೀದಿ, ಪೇಟೆ ಬೀದಿ, ಇಡೀ ಊರಿನ ಮುಂದೆ ತಪ್ಪು ಟಿಕೆಟ್ ಹರಿದೆ ಎಂದು ಒಪ್ಪಿಕೊಳ್ಳಬೇಕೇ? ಅವನ ಹತ್ತಿರ ಇದ್ದದ್ದು ಆ ಒಂದು ಹೆಮ್ಮೆ. ಅದನ್ನು ಕೈಯಾರೆ ಹರಿದುಹಾಕಿದರೆ ನಾಳೆ ಕ್ಷೌರದಂಗಡಿಯಲ್ಲಿ ಏನು ಮಾತಾಡುವುದು? ನಾಲ್ಕೇ ದಿನ. ಅಲ್ಲಿಯವರೆಗೆ ಬಟನ್ ಅಜ್ಜಿಗೆ ಸದ್ದಿಲ್ಲದೆ ಒಂದಿಷ್ಟು ಸಾಗಿಸಿದರೆ ಆಯಿತು. ಲಾರಿ ಬಂದ ಮೇಲೆ ಗೆರೆ ಅಳಿಸಿದರೆ ಯಾರಿಗೂ ತಿಳಿಯುವುದಿಲ್ಲ.

ಹೆಂಡತಿ ಕತೆಯನ್ನೆಲ್ಲ ಕೇಳಿ ಸೊಂಟಕ್ಕೆ ಕೈಯಿಟ್ಟಳು. "ಹುಟ್ಟಿದಬ್ಬಕ್ಕೆ ಮಗನಿಗೇ ಟಿಕೆಟ್ ಹರಿದವರು, ಊರ ಮಕ್ಕಳನ್ನ ಬಿಡ್ತೀರಾ?" ಅಷ್ಟು ಹೇಳಿದವಳು ಡಬ್ಬದಿಂದ ತಮ್ಮ ಅಕ್ಕಿಯನ್ನೇ ಅಳೆದು ಚೀಲಕ್ಕೆ ತುಂಬಿದಳು, ಮೇಲೆ ಒಂದು ಬೆಲ್ಲದ ಅಚ್ಚೂ ಇಟ್ಟಳು. "ಮೊದಲು ಆ ಮಗು ಹೊಟ್ಟೆ ನೋಡಿ. ನಿಮ್ಮ ಮರ್ಯಾದೆ ಆಮೇಲೆ ನೋಡ್ಕೊಳ್ಳೋಣ."

ಬಟನ್ ಅಜ್ಜಿ ಇದ್ದದ್ದು ಗೋಡೆಯ ಪಕ್ಕ ನಿಂತಿದ್ದ ಇಪ್ಪತ್ತೇಳನೆಯ ನಂಬರಿನ ಬಸ್ಸಿನಲ್ಲಿ. ಮಾಮ ಯಾರ ಕಣ್ಣಿಗೂ ಬೀಳದ ಹಾಗೆ ಬಸ್ಸುಗಳ ಹಿಂದಿನಿಂದ ಸುತ್ತಿ ಬಂದು ಹಿಂಬಾಗಿಲಲ್ಲಿ ಹತ್ತಿದ. ಅಜ್ಜಿ ಕಿಟಕಿಯ ಬೆಳಕಿಗೆ ಕೂತು ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ನೆರೆಯ ನಡುವೆಯೂ ಅವಳಿಗೆ ಕೆಲಸ ಸಿಕ್ಕಿತ್ತು, ಡಿಪೋದಲ್ಲಿ ಗುಂಡಿ ಕಿತ್ತುಹೋಗದ ಅಂಗಿಯೇ ಇರಲಿಲ್ಲ.

"ಯಾಕೆ ಕಂಡಕ್ಟ್ರೇ, ಹಿಂಬಾಗಿಲಿಂದ ಹತ್ತಿದ್ರಿ?" ಎಂದು ಅವಳು ನಕ್ಕಳು. "ಹಾಗೆ ಹತ್ತಿದವರನ್ನೆಲ್ಲ ಇಳಿಸಿ ಮುಂಬಾಗಿಲಿಗೆ ಓಡಿಸ್ತಿದ್ದವರು ನೀವೇ ಅಲ್ವಾ?"

ಮಾಮ ಚೀಲವನ್ನು ಸೀಟಿನ ಮೇಲಿಟ್ಟು, ತಡವರಿಸುತ್ತಾ ನಡೆದದ್ದನ್ನು ಹೇಳಿದ. ಗೆರೆ ತಾನೇ ಎಳೆದದ್ದು, ಮೇಡಂ ಹಾಗೆ ಹೇಳಿರಲೇ ಇಲ್ಲ, ಉಳಿದವರೆಲ್ಲ ತುದಿಗಾಲಲ್ಲಿ ನಿಂತು ಪೂರ್ತಿ ಪಾಲು ತೆಗೆದುಕೊಂಡರು. ಅಜ್ಜಿ ಸೂಜಿ ನಿಲ್ಲಿಸಿ ಕೇಳಿಸಿಕೊಂಡಳು.

"ನಿಯಮ ಅಂತ ಅಂದ್ಕೊಂಡಿದ್ದೆ ನಾನು" ಎಂದಳು ಮೆಲ್ಲಗೆ. "ಸರ್ಕಾರದ್ದು ಹಾಗೇ ಇರಬೇಕು ಅಂತ. ದೊಡ್ಡವಳು ದಿನಾ ಹೊಟ್ಟೆ ತುಂಬಿದೆ ಅಂತ ತಟ್ಟೆ ತಳ್ತಿದ್ದಳು. ಸುಳ್ಳು ಅಂತ ನನಗೆ ಗೊತ್ತಿತ್ತು."

ಮಾಮನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ತಪ್ಪಾಯ್ತು ಅಕ್ಕಾ. ಇದನ್ನ ಇಟ್ಕೊಳ್ಳಿ. ನಾಲ್ಕು ದಿನ ನಾನೇ ತಂದುಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಅಜ್ಜಿ ಬೆಲ್ಲದ ಅಚ್ಚನ್ನು ತೆಗೆದು ಮಕ್ಕಳಿಗೆ ಕೊಟ್ಟಳು, ಚೀಲವನ್ನು ಮಾತ್ರ ಅವನ ಕಡೆಗೆ ಸರಿಸಿದಳು. "ಬೆಲ್ಲ ನಿಮ್ಮನೆಯವರು ಪ್ರೀತಿಯಿಂದ ಕೊಟ್ಟಿದ್ದು, ಬೇಡ ಅನ್ನಲ್ಲ. ಅಕ್ಕಿ ಬೇಡ. ಆ ಕೊನೇ ಬಸ್ಸಲ್ಲಿ ಹಸಿ ಬಾಣಂತಿ ಇದಾಳೆ, ಅವಳ ಕೂಸಿಗೂ ನೀವು ಪಾಲು ಕೊಟ್ಟಿಲ್ಲ. ಅವಳಿಗೆ ಯಾವ ಬಾಗಿಲಿಂದ ತಗೊಂಡು ಹೋಗ್ತೀರಿ? ನನಗೆ ಒಬ್ಬಳಿಗೆ ಕೊಟ್ಟರೆ ನಿಮ್ಮ ಮನಸ್ಸು ಹಗುರ ಆಗುತ್ತೆ, ಅವಳ ಹೊಟ್ಟೆ ತುಂಬಲ್ಲ. ಸಾಲಲ್ಲಿ ಕೊಡಿ ಕಂಡಕ್ಟ್ರೇ. ಎಲ್ಲರಿಗೂ ಕೊಡೋ ಹಾಗೆ ಕೊಡಿ, ನಾನೂ ಎಲ್ಲರ ಹಾಗೆ ನಿಂತು ತಗೋತೀನಿ."

ಮಾಮ ಚೀಲ ಎತ್ತಿಕೊಂಡ. ಈ ಸಲ ಮುಂಬಾಗಿಲಿಂದ ಇಳಿದ. ಚೀಲವನ್ನು ನೇರ ಉಗ್ರಾಣಕ್ಕೆ ಒಯ್ದು ಎಲ್ಲರ ಅಕ್ಕಿಯ ಮೂಟೆಗೆ ಸುರಿದ, ಮೇಡಂ ಹತ್ತಿರ ಹೋಗಿ, "ನಾನೇ ಹೇಳ್ತೀನಿ" ಎಂದ.

ಇನ್ನೂ ಬಿಸಿಲಿರುವಾಗಲೇ ಅವನು ಡಿಪೋದ ನಡುವಿದ್ದ ಬಸ್ಸಿನ ಫುಟ್‌ಬೋರ್ಡ್ ಹತ್ತಿ ಸೀಟಿ ಊದಿದ. ಜನ ಸೇರಿದರು. ಮಾಮ ಸೀಟಿಯನ್ನು ಬಾಯಿಂದ ತೆಗೆದು ಮಾತು ಶುರು ಮಾಡಿದ.

"ಕೇಳ್ರಪ್ಪಾ. ಮೂವತ್ತೊಂದು ವರ್ಷದಲ್ಲಿ ಒಂದೂ ತಪ್ಪು ಟಿಕೆಟ್ ಹರಿದಿಲ್ಲ ಅಂತ ಹೇಳ್ಕೊಂಡು ತಿರುಗ್ತಿದ್ದೆ. ನಿಮ್ಮಲ್ಲಿ ಕೇಳದೇ ಇರೋರು ಯಾರೂ ಇಲ್ಲ."

"ಇಲ್ಲ, ಇಲ್ಲ" ಎಂದರು ಜನ ನೊಂದ ದನಿಯಲ್ಲಿ.

"ಈ ಹನ್ನೊಂದು ದಿನದಲ್ಲಿ ಹರಿದಿದ್ದೀನಿ. ಮಕ್ಕಳಿಗೆ ಅರ್ಧ, ಕೂಸುಗಳಿಗೆ ಇಲ್ಲ ಅಂದಿದ್ದು ನಾನು, ಮೇಡಂ ಅಲ್ಲ. ಊಟ ಬಸ್ಸಲ್ಲ ಅನ್ನೋದು ನನ್ನ ತಲೆಗೆ ಹೊಳೀಲಿಲ್ಲ. ಅದರಿಂದ ಈ ಡಿಪೋದಲ್ಲಿ ಮಕ್ಕಳು ಅರೆಹೊಟ್ಟೇಲಿ ಮಲಗಿವೆ. ನಾಳೆಯಿಂದ ಹುಟ್ಟಿದ ಕೂಸಿಗೂ ಪೂರ್ತಿ ಪಾಲು. ಬಾಣಂತಿಗೆ ಜಾಸ್ತಿ. ಅದಕ್ಕೋಸ್ಕರ ಲಾರಿ ಬರೋವರೆಗೆ ನಿಮ್ಮೆಲ್ಲರ ಪಾಲಲ್ಲಿ ತಲೆಗೆ ಒಂದು ಹಿಡಿ ತೆಗೀತೀನಿ. ಬೈಯೋದಾದ್ರೆ ನನ್ನ ಬೈರಿ."

ಕೆಲವರು ಬೈದರು ಕೂಡ. ಅವರವರ ಹಸಿವು ಅವರವರಿಗೆ, ತಪ್ಪೇನೂ ಅಲ್ಲ. ಪೇಟೆ ಬೀದಿಯ ಒಬ್ಬರು ದೂರು ಬರೆಯುತ್ತೇನೆ ಎಂದರು, ಮೇಡಂ ಅವರಿಗೆ ಕಾಗದವನ್ನೂ ಪೆನ್ನನ್ನೂ ಕೊಟ್ಟರು. ಆಮೇಲೆ ಮುಂದಿನ ಸಾಲಿನಲ್ಲಿದ್ದ ಹಮಾಲಿ ಎದ್ದು ನಿಂತ. ಎರಡು ಮೂಟೆಯನ್ನು ಒಟ್ಟಿಗೆ ಹೊರುವ ಆಳು, ದಿನಾ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಬರುವವನು. ಇವನು ಗಲಾಟೆ ಎಬ್ಬಿಸಿದರೆ ಮುಗಿಯಿತು ಎಂದು ಮಾಮ ಬಾಗಿಲ ಕಂಬಿ ಹಿಡಿದುಕೊಂಡ.

"ಮಾಮಾ, ನಾಳೆಯಿಂದ ವಯಸ್ಸು ಕೇಳಲ್ವಾ?"

"ಕೇಳಲ್ಲ."

"ಹಾಗಾದ್ರೆ ನನ್ನ ಮಗನಿಗೆ ಆರು ವರ್ಷ" ಎಂದು ಹಮಾಲಿ ತಲೆ ಕೆರೆದುಕೊಂಡ. "ನನ್ನ ಚಪ್ಪಲೀನೂ ವಾಪಸ್ ಬೇಕು. ಹತ್ತು ದಿನದಿಂದ ಬರಿಗಾಲಲ್ಲಿ ಇದೀನಿ."

ನಗು ಶೆಡ್ಡಿನ ತಗಡಿಗೆ ತಾಗಿತು. "ನನ್ನ ಮಗನಿಗೆ ಏಳು!" ಎಂದಳು ಒಬ್ಬಳು. "ನಮ್ಮವಳಿಗೆ ಐದೂವರೆ, ಜುಟ್ಟು ಕಟ್ಟಿ ಕಟ್ಟಿ ನನ್ನ ಕೈ ಬಿದ್ದುಹೋಗಿತ್ತು" ಎಂದಳು ಇನ್ನೊಬ್ಬಳು. ಹದಿಮೂರು ವರ್ಷದ ನೂರು ಮಕ್ಕಳು ಒಂದೇ ಸಂಜೆಯಲ್ಲಿ ತಮ್ಮ ತಮ್ಮ ವಯಸ್ಸಿಗೆ ಇಳಿದುಬಂದರು. ಮಾಮ ಒದ್ದೆ ಬಟ್ಟೆ ತಂದು ಎಲ್ಲರೂ ನೋಡುತ್ತಿರುವಂತೆ ಕಂಬದ ಗೆರೆಗಳನ್ನು ಒರೆಸಿದ. ಸುಣ್ಣ ಒಂದೇ ಸಲಕ್ಕೆ ಹೋಗಲಿಲ್ಲ, ಉಗುರಿನಿಂದ ಕೆರೆಯಬೇಕಾಯಿತು.

ಮಾರನೆಯ ಬೆಳಿಗ್ಗೆ ಸಾಲು ಎಂದಿನಂತೆ ನಿಂತಿತು. ಮಾಮ ಲೋಟ ಹಿಡಿದು ಕೂತ. ಈಗ ಕೇಳುವುದು ಒಂದೇ ಪ್ರಶ್ನೆ, ಎಷ್ಟು ಜನ ಎಂದು. ಬಟನ್ ಅಜ್ಜಿಯ ಸರದಿ ಬಂದಾಗ ಅವನು ಅದನ್ನೂ ಕೇಳಲಿಲ್ಲ. ಹನ್ನೊಂದು ದಿನದ ಬಾಕಿಯೆಲ್ಲ ಇವತ್ತೇ ತೀರಿಸುವ ಆತುರದಲ್ಲಿ ಲೋಟದ ಮೇಲೆ ಗೋಪುರ ಬರುವಂತೆ ತುಂಬಿ ತುಂಬಿ ಅಳೆದ. ಒಬ್ಬರದಾಯಿತು, ಇಬ್ಬರದಾಯಿತು. ಐದು ಜನರದು ಮುಗಿಸಿ ಆರನೆಯವರ ಪಾಲಿಗೆ ಲೋಟ ಮೂಟೆಯೊಳಗೆ ಇಳಿಸಿದಾಗ ಅಜ್ಜಿ ಚೀಲದ ಬಾಯಿ ಮುಚ್ಚಿಕೊಂಡಳು.

"ಐದೇ ಕಂಡಕ್ಟ್ರೇ. ಬೆಳಿಗ್ಗೆ ಮೊದಲ ದೋಣೀಲಿ ನನ್ನ ಮಗಳು ಬಂದು ದೊಡ್ಡವಳನ್ನ ತನ್ನೂರಿಗೆ ಕರ್ಕೊಂಡು ಹೋದ್ಳು. ಇವತ್ತಿಂದ ನಾವು ಐದು ಜನ."

ತುಂಬಿದ ಲೋಟ ಮಾಮನ ಕೈಯಲ್ಲೇ ನಿಂತಿತು. ಹನ್ನೊಂದು ದಿನ ಅವಳ ಮೊಮ್ಮಕ್ಕಳ ಬಾಯಿಂದ ಕಿತ್ತುಕೊಂಡವನು ಅವನು, ಒಂದು ದಿನ ಹೆಚ್ಚು ತೆಗೆದುಕೊಂಡಿದ್ದರೆ ಕೇಳುವವರು ಯಾರಿದ್ದರು? ಅವನಿಗೆ ಒತ್ತಾಯ ಮಾಡಬೇಕೆನಿಸಿತು, ಕಾಲು ಹಿಡಿಯಬೇಕೆನಿಸಿತು. ಮೂವತ್ತೊಂದು ವರ್ಷದಲ್ಲಿ ಯಾವ ಪ್ರಯಾಣಿಕರ ಮುಂದೆಯೂ ಅವನ ಕಣ್ಣಲ್ಲಿ ನೀರು ಬಂದಿರಲಿಲ್ಲ, ಈಗ ಬಂತು. ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ. ಆರನೆಯವರ ಲೋಟವನ್ನು ನಿಧಾನವಾಗಿ ಮೂಟೆಗೇ ಸುರಿದ.

"ಐದು" ಎಂದ. "ರೈಟ್ ಅಕ್ಕಾ."

ಅಜ್ಜಿ ಚೀಲವನ್ನು ಸೊಂಟಕ್ಕೇರಿಸಿಕೊಂಡು ಹೊರಟಳು. ಅವಳ ಹಿಂದಿದ್ದ ಪೇಟೆ ಬೀದಿಯ ಹೆಂಗಸು ಮುಂದೆ ಬಂದು ಚೀಲ ಬಿಚ್ಚಿದಳು.

"ಎಷ್ಟು ಜನಮ್ಮಾ?"

"ಎಂಟು" ಎಂದಳು ಅವಳು ಥಟ್ಟನೆ. ಮಾಮ ಅಳೆಯತೊಡಗಿದ. ಅವಳು ದೂರ ಹೋಗುತ್ತಿದ್ದ ಅಜ್ಜಿಯ ಬೆನ್ನನ್ನು ಒಮ್ಮೆ ನೋಡಿದಳು, ಮೂಟೆಗೆ ಬಿದ್ದ ಆರನೆಯವರ ಲೋಟದ ಅಕ್ಕಿಯನ್ನು ಒಮ್ಮೆ ನೋಡಿದಳು.

"ಏಳು ಮಾಮಾ, ಏಳು" ಎಂದಳು. "ಎಣಿಸೋವಾಗ ನನ್ನನ್ನೇ ಎರಡು ಸಲ ಎಣಿಸ್ಕೊಂಡೆ."